ಪೇಷಂಟ್ ಬಂದರೆ ಬೀಳುವ ಕಂಪ್ಯೂಟರ್

ನನ್ನ ಕಂಪ್ಯೂಟರಿಗೆ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ.

ತಮಾಷೆಯಲ್ಲ. ನಾನೊಬ್ಬಳೇ ಕೂತಿದ್ದರೆ ಹೇಳಿದ್ದೆಲ್ಲ ಕೇಳೋದು. ಪೇಷಂಟ್ ಬಂದು ಎದುರಿಗಿನ ಕುರ್ಚಿಯಲ್ಲಿ ಕೂತರೋ, ಮುಗೀತು. ಪರದೆ ನೀಲಿಯಾಗಿ ದಬಕ್ಕನೆ ಬೀಳೋದು. ಪೇಷಂಟ್ ಎದ್ದು ಹೋದ ಮೇಲೆ ಮತ್ತೆ ಹಾಕಿದರೆ ಏನೂ ಆಗೇ ಇಲ್ಲವೇನೋ ಎಂಬಂತೆ ಎದ್ದು ಕೂರೋದು. (ಇಂಥ ನೆಂಟರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು.)

ಹೊಸ ಓದುಗರಿದ್ದರೆ ಪರಿಚಯ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಕಿವಿ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಹೊಂದಿಸಿಕೊಡುವವಳು. ಪೀಣ್ಯ ಎರಡನೇ ಹಂತದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಪುಟ್ಟ ಕ್ಲಿನಿಕ್. ಸುತ್ತ ತಗಡು ಬಡಿಯೋ ಪ್ರೆಸ್ ಶಾಪ್, ಫೋರ್ಜಿಂಗ್, ಗ್ರೈಂಡಿಂಗ್. ಕಿವಿ ಕೆಡಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಏರಿಯಾ ಸಿಗಲ್ಲ. ಇಲ್ಲಿ ಎಲ್ಲರಿಗೂ ನಾನು ‘ಕಿವಿ ಮೇಡಂ’.

ಹಳೇ ಓದುಗರಿಗೆ ಇನ್ನೊಂದು ವಿಷಯವೂ ಗೊತ್ತು. ಈ ಅಂಕಣದಲ್ಲಿ ನಾನು ವಾರವಾರವೂ ಯಾರ ಜೊತೆಗಾದರೂ ಜಗಳಕ್ಕೆ ನಿಂತಿರ್ತೀನಿ. ಸುಮ್ಮಸುಮ್ಮನೆ ಹಾರ್ನ್ ಹೊಡೆಯೋರು, ಫುಟ್‌ಪಾತ್ ಮೇಲೆ ಬೈಕ್ ಹತ್ತಿಸೋರು, ಕಿವಿಗೆ ಪಿನ್ನು ಹಾಕೋರು. ಈ ವಾರ ಮಾತ್ರ ಥ್ಯಾಂಕ್ಸ್ ಹೇಳೋಕೆ ಬಂದಿದ್ದೀನಿ. ಗಾಬರಿಯಾಗಬೇಡಿ, ಆರೋಗ್ಯವಾಗೇ ಇದ್ದೀನಿ.

ವಿಷಯ ಮಲ್ಲಪ್ಪನವರದ್ದು.

ಬಾದಾಮಿ ಕಡೆಯವರು. ಇಲ್ಲೇ ಪ್ರೆಸ್ ಶಾಪಿನಲ್ಲಿ ಜೀವನಪೂರ್ತಿ ದುಡಿದು, ತಗಡಿನ ಜೊತೆಗೆ ಕಿವಿಯನ್ನೂ ಬಡಿಸಿಕೊಂಡವರು. ಎರಡೂ ಕಿವಿಗೆ ಮಷೀನು. ಹೆಂಡತಿ ಶಾಂತವ್ವ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಈಗ ಮಲ್ಲಪ್ಪನವರ ಕೈಲಿ ಪ್ರೆಸ್ ಕೆಲಸ ಆಗ್ತಿಲ್ಲ. ಹೇಗೋ ಹೆಸರಘಟ್ಟ ರಸ್ತೆಯ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿದೆ. ಆದರೆ ಅಲ್ಲಿನ ಸೂಪರ್‌ವೈಸರ್ ಒಂದೇ ಒಂದು ಮಾತು ಹೇಳಿದ್ದಾನೆ. ಇಂಟರ್‌ಕಾಮ್‌ನಲ್ಲಿ ಯಾರು ಏನು ಹೇಳಿದರು ಅಂತ ಕೇಳಿಸಬೇಕು. ಸೋಮವಾರ ಬನ್ನಿ, ನೋಡೋಣ. ಕೇಳಿಸಲಿಲ್ಲ ಅಂದ್ರೆ ಬೇರೆಯವರು ಕ್ಯೂನಲ್ಲಿದ್ದಾರೆ.

ಹಾಗಾಗಿ ಇಬ್ಬರೂ ನನ್ನ ಹತ್ತಿರ ಬಂದರು. ಮಷೀನನ್ನು ಹೊಸದಾಗಿ ಹೊಂದಿಸಬೇಕು, ಫೋನಿನ ದನಿ ಸ್ಪಷ್ಟವಾಗಿ ಕೇಳೋ ಹಾಗೆ ಮಾಡಬೇಕು. ದೊಡ್ಡ ಕೆಲಸವೇನಲ್ಲ. ಒಂದು ಕಾಫಿ ಕುಡಿಯೋದರೊಳಗೆ ಮುಗಿಯುತ್ತೆ. ತೊಂದರೆ ಏನಂದ್ರೆ ಅವರದು ಹಳೇ ಮಾಡೆಲ್. ಅದರ ಸಾಫ್ಟ್‌ವೇರ್ ಹಳೇ ಕಾಲದ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತೆ. ಹೊಸದು ಅದನ್ನು ಹತ್ತಿರಕ್ಕೇ ಸೇರಿಸಲ್ಲ.

ಇಂಥವರಿಗಾಗಿಯೇ ನನ್ನ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮೆಷಿನ್ ಇದೆ. ಅಂದ್ರೆ, ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್. ಹೊಸ ಮನೆ ಕಟ್ಟಿಸಿ, ಅಜ್ಜಿಗೆ ಹಳೇ ಅಭ್ಯಾಸ ಬಿಡಲ್ಲ ಅಂತ ಅವಳಿಗಾಗಿ ಒಂದು ರೂಮನ್ನು ಹಳೇ ಥರವೇ ಇಟ್ಟಿರ್ತಾರಲ್ಲ, ಹಾಗೆ. ಹೊರಗಡೆ ಎಲ್ಲಾ ಲೇಟೆಸ್ಟು. ಆ ಒಂದು ವಿಂಡೋ ತೆಗೆದರೆ ಮಾತ್ರ ಹಳೇ ಕಾಲ. ಇಷ್ಟು ವರ್ಷ ಅಜ್ಜಿ ಗಟ್ಟಿಮುಟ್ಟಾಗೇ ಇದ್ದಳು. ಈ ಸಲ ಕಂಪ್ಯೂಟರ್ ಸರ್ವಿಸ್ ಆದ ಮೇಲೆ ನಾನೇ ಆ ವರ್ಚುವಲ್ ಮೆಷಿನ್ನನ್ನು ಹೊಸದಾಗಿ ಹಾಕಿ, ಸೆಟ್ಟಿಂಗ್ಸ್ ಎಲ್ಲಾ ನಾನೇ ಮಾಡಿದ್ದೆ. ಅವತ್ತಿನಿಂದ ಶುರು ಈ ಬೀಳೋ ಕಾಯಿಲೆ.

ಮೊದಲನೇ ಸಲ ಬಿದ್ದಾಗ “ಸಾರಿ, ಇನ್ನೊಮ್ಮೆ” ಅಂದೆ. ಇನ್ನೊಮ್ಮೆಯೂ ಬಿತ್ತು. ನಾಳೆ ಬನ್ನಿ ಅಂದೆ. ಪಾಪ, ಶಾಂತವ್ವ ಮತ್ತೆ ಅರ್ಧ ದಿನ ರಜಾ ಹಾಕಿ ಕರ್ಕೊಂಡು ಬಂದರು. ಆ ಸಲ ಆಗಿದ್ದು ಅನಾಹುತ. ಮಷೀನಿನೊಳಗೆ ಹೊಸ ಸೆಟ್ಟಿಂಗ್ ಬರೆಯುತ್ತಾ ಇರುವಾಗಲೇ, ಅರ್ಧದಲ್ಲಿ, ಪರದೆ ನೀಲಿ. ಬಲಗಿವಿಯ ಮಷೀನು ಸತ್ತಂತಾಯಿತು. ಅದರಲ್ಲಿ ಗುಂಯ್ ಅನ್ನೋ ಸದ್ದೂ ಇಲ್ಲ.

“ಮೇಡಂ, ಸಿಟ್ಟಾಗಬ್ಯಾಡ್ರಿ. ಇದ್ದಿದ್ದೂ ಹೋತಲ್ರಿ?” ಅಂದರು ಶಾಂತವ್ವ.

ಸಿಟ್ಟಾ? ನಾನು ಅಳೋದೊಂದು ಬಾಕಿ ಇತ್ತು. ಸಹಾಯ ಕೇಳಿಕೊಂಡು ಬಂದವರ ಇದ್ದ ಕಿವಿಯನ್ನೂ ಕಿತ್ತುಕೊಂಡು ಕೂತಿದ್ದೆ. ಅಷ್ಟರಲ್ಲಿ ಮಲ್ಲಪ್ಪನವರು ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದರು.

“ಇರಲಿ ಬಿಡ್ರಿ ಮೇಡಂ. ಮಷೀನ್ ಅಂದ ಮ್ಯಾಲ ಕೆಡತಾವ.”

ಎರಡೂ ಮಷೀನನ್ನು ಇಟ್ಟುಹೋಗಿ, ಶನಿವಾರದ ಹೊತ್ತಿಗೆ ಏನಾದರೂ ಮಾಡಿ ಸರಿ ಮಾಡ್ತೀನಿ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ದೇವರಿಗೇ ಗೊತ್ತು.

ಆಮೇಲೆ ನಾನು ಮಾಡದ ಸರ್ಕಸ್ಸಿಲ್ಲ. ವರ್ಚುವಲ್ ಮೆಷಿನ್‌ಗೆ ಮೆಮೊರಿ ಜಾಸ್ತಿ ಕೊಟ್ಟೆ. ಕಮ್ಮಿ ಮಾಡಿದೆ. ಆ್ಯಂಟಿವೈರಸ್ ತೆಗೆದೆ. ಯುಪಿಎಸ್ ಬದಲಾಯಿಸಿದೆ. ಸಿಪಿಯು ಬಿಚ್ಚಿ ಬ್ಲೋಯರ್ ಹಿಡಿದೆ (ಪೀಣ್ಯದ ಅರ್ಧ ಧೂಳು ಅಲ್ಲೇ ಇತ್ತು). ಪ್ರತಿ ಸಲವೂ ಒಬ್ಬಳೇ ಕೂತು ಟೆಸ್ಟ್ ಮಾಡ್ತೀನಿ, ಸಕ್ಕತ್ತಾಗಿ ಓಡುತ್ತೆ. ಸದ್ಯ ಬಚಾವಾದೆ ಅಂದುಕೊಂಡು ಬೇರೆ ಯಾರೋ ಪೇಷಂಟನ್ನು ಕೂರಿಸ್ತೀನಿ, ದಬಕ್.

ಬಿಲ್ಡಿಂಗ್ ಓನರ್ ಮುನಿರಾಜಣ್ಣ ಮೆಟ್ಟಿಲು ಹತ್ತಿ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಇದು ದಿಷ್ಟಿ ಮೇಡಂ. ಜನ ಬಂದಾಗ್ಲೇ ಅಂಗಾಗ್ತದೆ ಅಂದ್ರೆ ಇನ್ನೇನು? ಒಂದ್ ನಿಂಬೆಹಣ್ಣು ನೀವಾಳ್ಸಿ ಆಚೆ ಎಸೀರಿ.”

ನಾನು ಸೈನ್ಸ್ ಓದಿದವಳು. ಇಂಥದ್ದೆಲ್ಲ ನಂಬಲ್ಲ. (ನೀವಾಳಿಸಿದೆ.)

ಕೊನೆಗೆ ಸವಿತಾಗೆ ಫೋನ್ ಮಾಡಿದೆ. ಹಾಸ್ಟೆಲ್‌ನಲ್ಲಿ ನನ್ನ ರೂಂಮೇಟ್ ಆಗಿದ್ದವಳು. ಈಗ ದೊಡ್ಡನೆಕ್ಕುಂದಿಯಲ್ಲಿ ಮನೆ, ರಿಂಗ್ ರೋಡಿನ ಆಫೀಸಿನಲ್ಲಿ ಇಂಥ ನೂರಾರು ವರ್ಚುವಲ್ ಮೆಷಿನ್‌ಗಳನ್ನು ಕಾಯೋ ಕೆಲಸ. ಮನೆಯಿಂದಲೇ ರಿಮೋಟ್‌ನಲ್ಲಿ ನನ್ನ ಕಂಪ್ಯೂಟರಿಗೆ ಬಂದು ಮೂಲೆಮೂಲೆ ನೋಡಿದಳು. ಮೆಮೊರಿ ಇದೆ, ಡಿಸ್ಕಿನಲ್ಲಿ ಜಾಗ ಇದೆ, ಎಲ್ಲಾ ಸರಿ ಇದೆ. ಅವಳು ನೋಡ್ತಾ ಇರೋವಷ್ಟು ಹೊತ್ತೂ ಅಜ್ಜಿ ಕಮಕ್ ಕಿಮಕ್ ಅನ್ನಲಿಲ್ಲ.

“ಏನೂ ಪ್ರಾಬ್ಲಮ್ ಇಲ್ವಲ್ಲೇ?” ಅಂದಳು.

“ಅದೇ ಕಣೇ ಪ್ರಾಬ್ಲಮ್ಮು!” ಅಂತ ಕಿರುಚಿದೆ. ಮಲ್ಲಪ್ಪನವರ ವಿಷಯ ಪೂರ್ತಿ ಹೇಳಿದೆ. ಬಲಗಿವಿಯ ಮಷೀನು, ಸೋಮವಾರ, ಗೇಟು, ಎಲ್ಲಾ. “ಶನಿವಾರ ನಾನೇ ಬರ್ತೀನಿ ಬಿಡು” ಅಂದಳು.

ದೊಡ್ಡನೆಕ್ಕುಂದಿಯಿಂದ ಪೀಣ್ಯಕ್ಕೆ ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ? ನನ್ನ ಸ್ವಂತ ತಂಗಿ ವೈಟ್‌ಫೀಲ್ಡ್‌ನಲ್ಲಿದ್ದಾಳೆ, ನಾವು ಭೇಟಿಯಾಗೋದು ಮದುವೆಮನೆಗಳಲ್ಲಿ. ಅಂಥದ್ದರಲ್ಲಿ ಇವಳು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸಿ, ನೂಕುನುಗ್ಗಲಲ್ಲಿ ನಿಂತುಕೊಂಡೇ ಬಂದಳು. ರಜಾ ದಿನ. ಮನೆಯಲ್ಲಿ ಒಗೆಯೋ ಬಟ್ಟೆ ಗುಡ್ಡೆ ಬಿದ್ದಿದೆಯಂತೆ. ಬಂದವಳೇ, “ನಡಿ, ಪೇಷಂಟ್ ಬಂದಾಗ ಏನೇನು ಮಾಡ್ತೀಯೋ ಹಾಗೇ ಮಾಡು. ಈಗ ನಾನೇ ಪೇಷಂಟು” ಅಂತ ಕುರ್ಚಿಯಲ್ಲಿ ಕೂತುಬಿಟ್ಟಳು.

ಎಡಗಿವಿಯ ಮಷೀನಿಗೆ ಕೇಬಲ್ ಹಾಕಿದೆ, ಸಾಫ್ಟ್‌ವೇರ್ ತೆಗೆದೆ. ಬೀಳಲಿಲ್ಲ. ಕುರ್ಚಿ ಆ ಕಡೆ ತಿರುಗಿಸಿದೆವು, ಈ ಕಡೆ ತಿರುಗಿಸಿದೆವು. ಬೀಳಲಿಲ್ಲ. ನನಗೆ ಅಳು ಬರೋ ಹಾಗಾಯಿತು. ಇಷ್ಟು ದೂರದಿಂದ ಬಂದವಳ ಎದುರು ಒಂದು ಸಲ ಬೀಳೋಕೂ ಏನು ಧಾಡಿ ಇದಕ್ಕೆ?

“ಇರ್ಲಿ, ಕಾಫಿ ಕುಡಿಸು ಮೊದಲು” ಅಂದಳು ಸವಿತಾ. “ಅಯ್ಯೋ, ಮೆಟ್ರೋದಲ್ಲಿ ವಿಡಿಯೋ ನೋಡಿ ನೋಡಿ ಫೋನ್ ಸತ್ತೇಹೋಗಿದೆ ಕಣೇ. ಎಲ್ಲಿ ಚಾರ್ಜಿಗೆ ಹಾಕ್ಲಿ?”

“ಅಲ್ಲೇ ಸಿಪಿಯುಗೆ ಹಾಕು, ಕೇಬಲ್ ಇದೆ ನೋಡು” ಅಂದೆ, ಫ್ಲಾಸ್ಕ್ ತೆಗೆಯುತ್ತಾ.

ಹಾಕಿದಳು. ಟಿಂಗ್ ಅಂತು. ನೀಲಿ.

ಇಬ್ಬರೂ ಪರದೆ ನೋಡಿದೆವು. ಒಬ್ಬರ ಮುಖ ಒಬ್ಬರು ನೋಡಿದೆವು. ಫೋನ್ ಕಿತ್ತು, ಮತ್ತೆ ಶುರು ಮಾಡಿ, ಮತ್ತೆ ಹಾಕಿದಳು. ಟಿಂಗ್. ನೀಲಿ. “ಗುರೂ, ಸಿಕ್ಕಿಬಿಡ್ತು!” ಅಂತ ಸವಿತಾ ಕುರ್ಚಿಯಿಂದ ಹಾರಿದಳು. “ನಿನ್ನ ಪೇಷಂಟ್ಸ್ ಇಲ್ಲಿ ಫೋನ್ ಚಾರ್ಜಿಗೆ ಹಾಕ್ತಾರಾ?”

ಹಾಕ್ತಾರಾ ಅಂತ ಕೇಳ್ತಾಳೆ! ಎಲ್ಲರೂ ಹಾಕ್ತಾರೆ. ಈಗ ಯಾರ ಮನೆಗೆ ಹೋಗಿ, ಯಾವ ಅಂಗಡಿಗೆ ಹೋಗಿ, ಕೂತ ತಕ್ಷಣ ನಾವು ಕೇಳೋದೇನು? ಮುಂಚೆ ಒಂದು ಲೋಟ ನೀರು ಕೇಳ್ತಿದ್ವಿ, ಈಗ ಒಂದು ಸ್ವಲ್ಪ ಚಾರ್ಜು. ನನ್ನ ಕ್ಲಿನಿಕ್ಕಿನ ಗೋಡೆಯ ಪಾಯಿಂಟ್‌ಗಳೆಲ್ಲ ಟೆಸ್ಟಿಂಗ್ ಮಷೀನುಗಳಿಗೇ ಹೋಗ್ತವೆ. ಅದಕ್ಕೇ ನಾನೇ ಎಲ್ಲಾ ಥರದ ಪಿನ್ನಿರೋ ಒಂದು ಕೇಬಲ್ ತಂದು ಸಿಪಿಯು ಮುಂಭಾಗಕ್ಕೆ ಸಿಕ್ಕಿಸಿಟ್ಟಿದ್ದೆ. ಬಂದವರು ಕೇಳೋಕೆ ಮುಂಚೆಯೇ “ಅಲ್ಲಿ ಹಾಕ್ಕೊಳ್ಳಿ ಅಕ್ಕ, ಅಲ್ಲಿ ಹಾಕ್ಕೊಳ್ಳಿ ಅಣ್ಣ” ಅನ್ನೋದು ನನ್ನ ಅಭ್ಯಾಸ. ಶಾಂತವ್ವನ ಫೋನಂತೂ ಬಂದಾಗಲೆಲ್ಲ ಅಲ್ಲೇ. ನನ್ನ ಸ್ವಂತ ಫೋನ್ ಮಾತ್ರ ಮನೆಯಲ್ಲೇ ಚಾರ್ಜ್ ಆಗಿ ಬಂದಿರುತ್ತೆ. ಒಬ್ಬಳೇ ಕೂತು ಟೆಸ್ಟ್ ಮಾಡಿದರೆ ಎಲ್ಲಿಂದ ಬೀಳಬೇಕು?

ಸವಿತಾ ಸೆಟ್ಟಿಂಗ್ಸ್ ತೆಗೆದು ನೋಡಿ ಹಣೆ ಚಚ್ಚಿಕೊಂಡಳು. ಯುಎಸ್‌ಬಿಗೆ ಏನು ಸಿಕ್ಕಿಸಿದರೆ ಅದನ್ನು ಒಳಗಿನ ಹಳೇ ಕಂಪ್ಯೂಟರಿಗೆ ಕೊಡಬೇಕು ಅಂತ ಹೇಳೋ ಒಂದು ಜಾಗ ಇರುತ್ತಂತೆ. ನನ್ನ ಕಿವಿ ಮಷೀನಿನ ಕೇಬಲ್ ಹೆಸರನ್ನು ಅಲ್ಲಿ ತುಂಬಬೇಕಿತ್ತು. ನಾನು ಖಾಲಿ ಬಿಟ್ಟು ಓಕೆ ಒತ್ತಿದ್ದೆ. ಖಾಲಿ ಅಂದ್ರೆ ಯಾರು ಬೇಕಾದರೂ ಬನ್ನಿ ಅಂತ ಅರ್ಥವಂತೆ.

“ನಿನ್ನ ಅಜ್ಜಿ ಬಾಗಿಲು ಬಡಿದೋರನ್ನೆಲ್ಲ ಒಳಗೆ ಕರ್ಕೊಳ್ತಾ ಇದ್ದಾಳೆ ಕಣೇ. ಈ ಕಾಲದ ಫೋನ್ ನೋಡಿ ಎದೆ ಒಡ್ಕೊಂಡು ಬೀಳ್ತಾ ಇದ್ದಾಳೆ” ಅಂದಳು. ಖಾಲಿ ಇದ್ದಿದ್ದನ್ನು ತೆಗೆದುಹಾಕಿ, ಕಿವಿ ಮಷೀನಿನ ಕೇಬಲ್ ಒಂದಕ್ಕೇ ಪರ್ಮಿಷನ್ ಕೊಟ್ಟಳು. ಕಾಫಿ ಇನ್ನೂ ಬಿಸಿ ಇತ್ತು.

ಮಧ್ಯಾಹ್ನ ಗಂಡ ಹೆಂಡತಿ ಬಂದರು. ಶಾಂತವ್ವ ಕೂತು, ರೂಢಿಯಂತೆ ಫೋನ್ ತೆಗೆದು ನನ್ನ ಮುಖ ನೋಡಿದರು. ನಾನು ಬೇಡ ಅನ್ನೋದರೊಳಗೆ ಸವಿತಾ, “ಹಾಕಿ ಅಕ್ಕ, ಅಲ್ಲೇ ಹಾಕಿ” ಅಂದಳು. ಟಿಂಗ್ ಅಂತು. ಪರದೆ ಹಾಗೇ ಇತ್ತು. ಎಡಗಿವಿಯದ್ದು ಮುಗೀತು. ಬಲಗಿವಿಯ ಸತ್ತ ಮಷೀನಿಗೆ ಕೇಬಲ್ ಹಾಕಿ, ಮೊದಲಿಂದ ಎಲ್ಲಾ ಬರೆಯೋಕೆ ಬಿಟ್ಟೆ. ಆ ಹಸಿರು ಗೆರೆ ತೆವಳುತ್ತಾ ತೆವಳುತ್ತಾ ಕೊನೆ ಮುಟ್ಟೋವರೆಗೂ ನಾಲ್ಕು ಜನರ ಕಣ್ಣೂ ಅದರ ಮೇಲೇ. ಮುಟ್ಟಿತು. ಮಷೀನು ಗುಂಯ್ ಅಂತು. ನಾನು ಹಿಯರಿಂಗ್ ಏಡ್ ಕೆಲಸಕ್ಕೆ ಬಂದ ಮೇಲೆ ಕೇಳಿದ ಅತೀ ಚಂದದ ಸದ್ದು ಅದು.

ಎರಡನ್ನೂ ಕಿವಿಗೆ ಹಾಕಿದೆ. ಸವಿತಾ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಕ್ಲಿನಿಕ್ಕಿನ ಫೋನಿಗೆ ಕಾಲ್ ಮಾಡಿದಳು. ರಿಸೀವರನ್ನು ಮಲ್ಲಪ್ಪನವರ ಕೈಗೆ ಕೊಟ್ಟೆ. “ಬಿ ಬ್ಲಾಕ್‌ಗೆ ಪಾರ್ಸಲ್ ಬಂದಿದೆ, ಒಳಗೆ ಬಿಡ್ತೀರಾ?” ಅಂದಳಂತೆ.

ಮಲ್ಲಪ್ಪನವರು ನೆಟ್ಟಗೆ ಕೂತರು. “ಯಾರ ಹೆಸರಿಗೈತ್ರಿ? ಫ್ಲ್ಯಾಟ್ ನಂಬರ್ ಹೇಳ್ರಿ ಮೊದಲ. ಹಂಗ ಬಿಡಾಕ ಬರೂದಿಲ್ಲ.”

ನಾನು ನಕ್ಕುಬಿಟ್ಟೆ. ಶಾಂತವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಗಂಡನಿಗೆ, “ಅಯ್ಯ, ಇಷ್ಟ ಕೇಳತಿದ್ರ ಮನ್ಯಾಗ ಯಾಕ ನಾಟಕಾ ಮಾಡ್ತಿದ್ದಿ?” ಅಂತ ಬೈದರು. ಹೋಗುವಾಗ ಸವಿತಾಳ ಎರಡೂ ಕೈ ಹಿಡಿದು ಒಂದು ಡಬ್ಬಿ ಶೇಂಗಾ ಹಿಂಡಿ (ಅಂದ್ರೆ ಕಡ್ಲೆಕಾಯಿ ಚಟ್ನಿಪುಡಿ) ಇಟ್ಟರು.

ಯೋಚಿಸಿ ನೋಡಿ. ರಿಮೋಟ್‌ನಲ್ಲಿ ಅವಳು ನೋಡದ ಜಾಗವೇ ಇರಲಿಲ್ಲ. ಅವಳ ಬುದ್ಧಿಯೆಲ್ಲ ಅವತ್ತೇ ನನ್ನ ಕಂಪ್ಯೂಟರಿಗೆ ಬಂದಿತ್ತು. ಬರದೇ ಇದ್ದದ್ದು ಅವಳು, ಅವಳ ಸುಸ್ತು, ಅವಳ ಸತ್ತ ಫೋನು. ಎಲ್ಲವನ್ನೂ ಕೂತಲ್ಲೇ ಮಾಡಬಹುದು ಅನ್ನೋ ಈ ಊರಿನಲ್ಲಿ ಎದ್ದು ಬರೋರು ಇನ್ನೂ ಇದ್ದಾರಲ್ಲ, ಅದು ನನ್ನ ಪುಣ್ಯ. ನಿಮಗೂ ಅಂಥವರೊಬ್ಬರು ಇದ್ದರೆ ಇವತ್ತೇ ಒಂದು ಫೋನ್ ಮಾಡಿ. ಸವಿತಾ, ಈ ಅಂಕಣ ನೀನು ಓದಲ್ಲ ಅಂತ ನನಗೆ ಗೊತ್ತು. ಆದರೂ ಹೇಳ್ತೀನಿ, ಥ್ಯಾಂಕ್ಸ್ ಕಣೇ.

ಮೊನ್ನೆ ಒಂದು ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. “ನಾ ಮಲ್ಲಪ್ಪರೀ ಮೇಡಂ, ಗೇಟಿನಿಂದ ಮಾತಾಡಾಕತ್ತೇನಿ. ಕೆಲಸಾ ಪಕ್ಕಾ ಆತ್ರಿ.” ಇಷ್ಟು ದಿನದಲ್ಲಿ ಅವರೇ ನನಗೆ ಫೋನ್ ಮಾಡಿದ್ದು ಅದೇ ಮೊದಲು. ಖುಷಿ ತಡೆಯಲಾಗದೆ, ಕ್ಲಿನಿಕ್ಕಿನಲ್ಲಿ ಕೂತವರೆಲ್ಲ ಬೆಚ್ಚಿ ನೋಡೋ ಹಾಗೆ, “ಮಲ್ಲಪ್ಪನೋರೇ, ಬಹಳ ಸಂತೋಷ ಆಯ್ತು! ನನ್ನ ಮಾತು ಕೇಳಿಸ್ತಾ ಇದೆಯಾ?” ಅಂತ ಕೂಗಿದೆ.

“ಯಾಕ ಅಷ್ಟು ಒದರ್ತೀರಿ ಮೇಡಂ, ಮೆತ್ತಗ ಮಾತಾಡ್ರಿ, ನನಗೇನು ಕಿವಿ ಕೇಳಸೂದಿಲ್ಲೇನು?”