ಕುಂಕುಮವಿಟ್ಟ ಪರವಾನಗಿ

ನಾಗಮಣಿಯ ಬೂತಿಗೂ ಬಾಯಿಗೂ ಬೆಳಗಿನಿಂದ ರಾತ್ರಿಯವರೆಗೆ ಬೀಗವಿಲ್ಲ ಎಂದು ಮುಳಬಾಗಿಲಿನ ಬಸ್ ನಿಲ್ದಾಣದವರು ನಗುತ್ತಿದ್ದರು. ಎರಡು ಸಾವಿರದ ಮೂರರಲ್ಲಿ ಆ ಎಸ್‌ಟಿಡಿ ಬೂತಿನೊಳಗೇ ಅವಳು ಇನ್ನೊಂದು ಕೌಂಟರ್ ತೆರೆದಳು. ಕುವೈತಿಗೆ ಮನೆಗೆಲಸಕ್ಕೆ ಹೋದ ರಾಯಲ್ಪಾಡು ಕಡೆಯ ಹೆಣ್ಣುಮಕ್ಕಳು ಅಲ್ಲಿ ಕಟ್ಟಿದ ಹಣವನ್ನು ಇಲ್ಲಿ ಅವರ ತಾಯಂದಿರಿಗೆ ಕೊಡುವ ಕೆಲಸ. ಮೊದಲೆಲ್ಲ ಆ ಹಣ ಹವಾಲಾ ನಡೆಸುವ ಹುಂಡಿಯವನ ಮೂಲಕ ಕದ್ದುಮುಚ್ಚಿ ಬರುತ್ತಿತ್ತು. ಅವನು ತಿಂದು ಮಿಕ್ಕಿದ್ದು ಇವರಿಗೆ.

ಹೊರದೇಶದ ಹಣ ಮುಟ್ಟಬೇಕಾದರೆ ರಿಸರ್ವ್ ಬ್ಯಾಂಕಿನ ಅಪ್ಪಣೆ ಬೇಕು. ಅಪ್ಪಣೆ ಪಡೆದ ಬೆಂಗಳೂರಿನ ಕಂಪನಿಯೊಂದು ನಾಗಮಣಿಯನ್ನು ಏಜೆಂಟ್ ಮಾಡಿಕೊಂಡು, ಸೀಲು ಒತ್ತಿದ ಪರವಾನಗಿ ಕೊಟ್ಟಿತ್ತು. ಅದಕ್ಕಾಗಿ ಅವಳು ಚಪ್ಪಲಿ ಸವೆಸಿದ್ದಳು. ಹಾಗಾಗಿ ಅದನ್ನು ದೇವರ ಪಟಗಳ ಸಾಲಿನಲ್ಲೇ ಅಂಟಿಸಿದ್ದಳು.

ಆಯುಧಪೂಜೆ ಬಂತು. ಫೋನಿಗೆ, ಕಂಪ್ಯೂಟರಿಗೆ, ಗಲ್ಲಾಪೆಟ್ಟಿಗೆಗೆ ಗಂಧ ಕುಂಕುಮ ಹಚ್ಚಿದವಳು ಅನ್ನ ಕೊಡುವ ಕಾಗದವನ್ನು ಬಿಟ್ಟಾಳೆಯೇ? ಅದಕ್ಕೂ ದೊಡ್ಡದೊಂದು ಬೊಟ್ಟಿಟ್ಟಳು. ಬೊಟ್ಟು ಸರಿಯಾಗಿ ಸೀಲಿನ ಮೇಲೇ ಕೂತಿತು.

ಆ ವಾರವೇ ಕಂಪನಿಯಿಂದ ಭಾರ್ಗವ್ ಎಂಬುವವನು ತಪಾಸಣೆಗೆ ಬಂದ. ಗೋಡೆ ನೋಡಿದವನೇ ಹುಬ್ಬು ಗಂಟಿಕ್ಕಿದ.

"ಏನಮ್ಮಾ ಇದು? ಸೀಲ್ ಕಾಣ್ದಿರೋ ಕಾಗದ ನಮ್ ರೂಲ್ಸಲ್ಲಿ ಕಾಗದಾನೇ ಅಲ್ಲ. ಹೊಸದು ಬರೋವರ್ಗೂ ಕೌಂಟರ್ ಮುಚ್ಬೇಕು."

"ಎಷ್ಟು ದಿನ ಸಾರ್?"

"ತಿಂಗಳಾದ್ರೂ ಆಗ್ಬೋದು."

ನಾಗಮಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಿಂಗಳು ಮುಚ್ಚಿದರೆ ಎಲ್ಲರೂ ಮತ್ತೆ ಹುಂಡಿಯವನ ಬಾಗಿಲಿಗೆ ಹೋಗುತ್ತಾರೆ. ಹೋದವರು ತಿರುಗಿ ಬರುತ್ತಾರೆಯೇ? ಬೀಗವಿಲ್ಲದ ಬಾಯಿಗೆ ಅಂದು ಬೀಗ ಬಿತ್ತು. ಮಗಳು ಕಳಿಸಿದ ಹಣಕ್ಕಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ಮುನಿಯಲ್ಲಮ್ಮನೇ ಎದ್ದಳು.

"ನಾಯನಾ, ಸುಳ್ಳು ಕಾಗದಕ್ಕೆ ಯಾರಾನಾ ಕುಂಕುಮ ಇಡ್ತಾರಾ?"

"ರೂಲ್ಸು ರೂಲ್ಸೇ ಅಮ್ಮ," ಎಂದ ಭಾರ್ಗವ್, ಕೌಂಟರ್ ಮುಚ್ಚುವ ಆದೇಶ ಬರೆದು ಸಹಿ ಹಾಕಿದ. ಚೀಲದಿಂದ ಕಂಪನಿಯ ಸೀಲು ತೆಗೆದು, ಇಂಕ್ ಪ್ಯಾಡಿಗೆ ತಾಗಿಸಿ ಬಲವಾಗಿ ಒತ್ತಿದ. ಮೂಡಿದ್ದು ಬರೀ ಮಸಿಯ ಮುದ್ದೆ. ಇನ್ನೊಮ್ಮೆ ಒತ್ತಿದ, ಇನ್ನೊಂದು ಮುದ್ದೆ. ತಿರುಗಿಸಿ ನೋಡಿದರೆ ಅಕ್ಷರಗಳ ಸಂದಿಯಲ್ಲೆಲ್ಲ ಒಣಗಿದ ಗಂಧ, ಕುಂಕುಮ! ಅವನ ಆಫೀಸಿನಲ್ಲೂ ಆಯುಧಪೂಜೆ ಭರ್ಜರಿಯಾಗಿಯೇ ನಡೆದಿತ್ತು.

ನಾಗಮಣಿಗೆ ಹೋದ ಜೀವ ಬಂತು, ಜೊತೆಗೆ ಬಾಯಿಯೂ ಬಂತು.

"ಸೀಲ್ ಕಾಣ್ದಿರೋ ಕಾಗದ ಕಾಗದಾನೇ ಅಲ್ಲ ಅಂದ್ರಲ್ವಾ ಸಾರ್?"

ಭಾರ್ಗವ್ ಬಿಗಿಯಾಗಿರಲು ನೋಡಿದ. ಮುನಿಯಲ್ಲಮ್ಮ ಕಿಸಕ್ಕೆಂದಳು. ಆಮೇಲೆ ಅವನಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅದೇ ಬೂತಿನಿಂದ ಬೆಂಗಳೂರಿಗೆ ಫೋನ್ ಮಾಡಿ, ಪರವಾನಗಿಯ ನಂಬರನ್ನು ತಾಳೆ ನೋಡಿಸಿ, ಹೊಸ ಪ್ರತಿ ಬರುವವರೆಗೆ ಕೌಂಟರ್ ನಡೆಸಲು ಮೇಲಿನವರ ಒಪ್ಪಿಗೆ ಪಡೆದ.

ಮುನಿಯಲ್ಲಮ್ಮ ಮಗಳ ಹಣವನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು.

"ಹೊಸದಕ್ಕೆ ಗಾಜು ಹಾಕ್ಸಿ. ಕುಂಕುಮ ಗಾಜಿನ ಮೂಲೆಗಿಡಿ," ಎನ್ನುತ್ತ ಭಾರ್ಗವ್ ಮೆಟ್ಟಿಲಿಳಿದ.

"ಹಾಗೇ ಆಗ್ಲಿ ಸಾರ್," ಎಂದಳು ನಾಗಮಣಿ. "ಫೋನ್ ಬಿಲ್ ಕೊಟ್ಟು ಹೋಗಿ. ರೂಲ್ಸು ರೂಲ್ಸೇ."