ತೆಗೆದೆ, ಮುಚ್ಚಿದೆ

ನಮ್ಮದು ವಾರಸುದಾರರಿಲ್ಲದ ಹೆಣಗಳ ಕೆಲಸ. ಹೀಗೆಂದ ಕೂಡಲೇ ಕೆಲವರು ಕೂತ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎಳೆದುಕೊಳ್ಳಲಿ. ಉಡುಪಿಯ ಸುತ್ತಮುತ್ತ ಗುರುತು ಸಿಗದ ಹೆಣ ಸಿಕ್ಕಿದರೆ ಅದನ್ನು ಶವಾಗಾರಕ್ಕೆ ಸಾಗಿಸುವುದು, ಸಂಬಂಧಪಟ್ಟವರನ್ನು ಹುಡುಕುವುದು, ಯಾರೂ ಬರದಿದ್ದರೆ ಪೊಲೀಸರ ಅನುಮತಿ ಪಡೆದು ಮಣ್ಣು ಮಾಡುವುದು, ಇಷ್ಟನ್ನು ನಾವು ಕೆಲವರು ಸೇರಿ ಮಾಡುತ್ತೇವೆ. ಕಾಪುವಿನಲ್ಲಿ ಆಂಬ್ಯುಲೆನ್ಸ್ ಓಡಿಸುವವನೊಬ್ಬ ಇದ್ದಾನೆ. ಆ ಕಡೆಯ ಹೆಣಗಳು ಅವನ ಜವಾಬ್ದಾರಿ. ಕಾರ್ಕಳದ ಕಡೆಯದ್ದನ್ನು ಅಜೆಕಾರಿನ ನಿವೃತ್ತ ಮೇಷ್ಟ್ರೊಬ್ಬರು ನೋಡಿಕೊಳ್ಳುತ್ತಾರೆ. ಅಂಬಲಪಾಡಿಯ ಒಂದೇ ಕೋಣೆಯ ಆಫೀಸಿನಲ್ಲಿ ಕೂರುವವಳು ನಾನು. ಕಾಣೆಯಾದವರನ್ನು ಹುಡುಕಿಕೊಂಡು ಬರುವವರು ನನ್ನೆದುರಿಗೇ ಬರುತ್ತಾರೆ.

ಮೊದಲು ನಮ್ಮ ಕೆಲಸವೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಕಾಪುವಿನವನಿಗೆ ಹೆಣ ಸಿಕ್ಕಿದರೆ ಗಾಡಿ ಹೊರಡುವ ಮೊದಲೇ ನನಗೆ ಫೋನು: ಗಂಡು, ಮೂವತ್ತರ ಆಸುಪಾಸು, ನೀಲಿ ಅಂಗಿ. ನಾನು ಊಟಕ್ಕೆ ಕೂತಿದ್ದೇನೋ ಏನೋ ಎಂಬ ಪರಿವೆ ಅವನಿಗಿರಲಿಲ್ಲ. ಚೆನ್ನಾಗಿ ಬೈಯುತ್ತಿದ್ದೆ. ಬೈದರೂ ಅಂಗಿಯ ಬಣ್ಣ ನೆನಪಿನಲ್ಲಿ ಉಳಿಯುತ್ತಿತ್ತು.

ಆಮೇಲೆ ನಮ್ಮ ಸಂಘದ ಅಧ್ಯಕ್ಷರ ಅಳಿಯ ಬಂದ. ಮಣಿಪಾಲದಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ನಮಗೊಂದು ಡೇಟಾಬೇಸ್ ಮಾಡಿಕೊಟ್ಟ. ಫೋಟೊ, ಎತ್ತರ, ಮೈಮೇಲಿನ ಗುರುತು, ಯಾವ ಶವಾಗಾರ, ಎಲ್ಲದಕ್ಕೂ ಒಂದೊಂದು ಜಾಗ. ನಿಜಕ್ಕೆ ಅದು ಒಂದು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಒಬ್ಬರು ಬಳಸುವಂಥದ್ದು. ಮೂವರಿಗೂ ಬೇಕೆಂದಾಗ ಆ ಫೈಲನ್ನು ಕ್ಲೌಡಿನ ಫೋಲ್ಡರಿನಲ್ಲಿ ಹಾಕಿದ. ಒಬ್ಬರು ಬರೆದದ್ದು ಇಂಟರ್ನೆಟ್ಟಿನಲ್ಲಿ ಮೇಲೆ ಹೋಗಿ ಉಳಿದಿಬ್ಬರ ಕಂಪ್ಯೂಟರಿಗೆ ತಾನಾಗಿ ಇಳಿಯುತ್ತದೆ ಎಂದ.

"ಇಬ್ಬರು ಒಟ್ಟಿಗೆ ಬರೆದರೆ ಎಂತ ಆಗ್ತದೆ?" ಎಂದು ಕೇಳಿದೆ.

"ಒಟ್ಟಿಗೆ ಬರೆಯಬಾರದು ಆಂಟಿ, ಅಷ್ಟೆ" ಎಂದ. ದೊಡ್ಡ ಉಪಕಾರವಾಯಿತು.

ಅದಕ್ಕೊಂದು ನಿಯಮ ಮಾಡಿಕೊಂಡೆವು. ಫೈಲು ತೆರೆಯುವವರು ವಾಟ್ಸಾಪ್ ಗುಂಪಿನಲ್ಲಿ 'ತೆಗೆದೆ' ಎನ್ನಬೇಕು, ಮುಗಿದ ಮೇಲೆ 'ಮುಚ್ಚಿದೆ' ಎನ್ನಬೇಕು. ನಡುವೆ ಬೇರೆಯವರು ಮುಟ್ಟಬಾರದು. ಬಚ್ಚಲಿಗೆ ಚಿಲಕವಿಲ್ಲದ ಮನೆಯಲ್ಲಿ ಕೂಗಿ ಹೇಳಿ ಸ್ನಾನಕ್ಕೆ ಹೋಗುವ ಹಾಗೆ. ಮೂವರೂ ಚಾಚೂ ತಪ್ಪದೆ ಪಾಲಿಸಿದೆವು. ಫೋನು ಮಾತ್ರ ನಿಂತೇಹೋಯಿತು. ಯಾರನ್ನು ಏನು ಕೇಳಿದರೂ 'ಫೈಲಿನಲ್ಲಿ ಉಂಟು' ಎಂಬುದೇ ಉತ್ತರ. ನನಗದು ನೆಮ್ಮದಿಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಆ ಹೆಂಗಸು ಬಂದದ್ದು ಮಳೆ ಹಿಡಿದ ಹೊಸತರಲ್ಲಿ. ಬಾಗಲಕೋಟೆ ಕಡೆಯವಳು, ಸಂತೆಕಟ್ಟೆಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗಾರೆ ಕೆಲಸದ ಅವಳ ತಮ್ಮ ರಜೆಯ ದಿನ ಸಮುದ್ರ ನೋಡಿ ಬರುತ್ತೇನೆಂದು ಹೋದವನು ತಿರುಗಿ ಬಂದಿರಲಿಲ್ಲ. ಠಾಣೆಯಲ್ಲಿ ದೂರು ಬರೆದುಕೊಂಡು, ಯಾವುದಕ್ಕೂ ಅಲ್ಲೊಮ್ಮೆ ಕೇಳು ಎಂದು ನನ್ನ ಕಡೆ ಕಳಿಸಿದ್ದರು. ಗುರುತೇನು ಎಂದು ಕೇಳಿದೆ. ಅವಳು ಸೆರಗು ಸರಿಸಿ ತನ್ನದೇ ಬಲಗೈ ಚಾಚಿದಳು. ಮುಂಗೈ ಮೇಲೆ ಹಸಿರು ಚೇಳಿನ ಹಚ್ಚೆ.

"ಇಂಥಾದ್ದ ಅವನ ಕೈ ಮ್ಯಾಲೂ ಐತ್ರಿ ಅಕ್ಕಾರ. ನಂದು ನೋಡಿ, ತನಗೂ ಬೇಕಂತ ಹಟಾ ಮಾಡಿ ಹಾಕಿಸ್ಕೊಂಡಾನ್ರಿ."

ಗುಂಪಿನಲ್ಲಿ 'ತೆಗೆದೆ' ಎಂದು ಬರೆದು ಫೈಲು ತೆರೆದೆ. ಚೇಳು ಎಂದು ಹುಡುಕಿದೆ, ಹಚ್ಚೆ ಎಂದು ಹುಡುಕಿದೆ, ಕೊನೆಗೆ ಒಂದೊಂದೇ ಫೋಟೊ ನೋಡುತ್ತಾ ಹೋದೆ. ಇರಲಿಲ್ಲ. "ಇಲ್ಲ ಮಾರಾಯ್ತಿ. ಇಲ್ಲಿ ಇಲ್ಲದ್ದೇ ಒಳ್ಳೆಯದಲ್ವಾ? ಎಲ್ಲೋ ಬೇರೆ ಕಡೆ ಕೆಲಸ ಸಿಕ್ಕಿ ಹೋಗಿರಬೇಕು" ಎಂದೆ. ಅವಳ ಮುಖ ಅರಳಿತು. ನನಗೂ ಖುಷಿಯಾಯಿತು, ನಮ್ಮ ಆಫೀಸಿನಿಂದ ಯಾರೂ ಹಾಗೆ ಮುಖ ಅರಳಿಸಿಕೊಂಡು ಹೋಗುವುದಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಬರತೊಡಗಿದಳು, ಹೋಟೆಲಿನ ಕೆಲಸಕ್ಕೆ ಮೊದಲು ಬಸ್ಸು ಹಿಡಿದು. ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು "ಇಲ್ಲಲ್ರಿ?" ಎನ್ನುವಳು. ನಾನು ಫೈಲು ನೋಡಿ "ಇಲ್ಲ" ಎನ್ನುವೆ. ಒಮ್ಮೆ ನನಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಳು. ನಾನದನ್ನು ಮನೆಗೆ ಒಯ್ದು ದೋಸೆಗೆ ಹಚ್ಚಿಕೊಂಡು ತಿಂದೆ.

ಒಂದು ದಿನ ಮಧ್ಯಾಹ್ನ ಕಾಪುವಿನವನು ಬಂದ. ಕಾಲಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. "ಚಾ ಉಂಟಾ ಅಕ್ಕ? ಆ ಚೇಳಿನ ಹುಡುಗನ ಕೆಲಸ ಇವತ್ತು ಮುಗೀತು. ಇಷ್ಟು ದಿನ ಕಾದದ್ದಕ್ಕೂ ಯಾರೂ ಬರ್ಲಿಲ್ಲ, ಪಾಪ."

ಲೋಟ ಮೇಜಿನ ಮೇಲಿಟ್ಟೆ. "ಯಾವ ಚೇಳು?"

"ಯಾವ ಚೇಳು ಅಂದ್ರೆ ಎಂತ ಮಾರಾಯ್ರೆ? ಫೈಲಿನಲ್ಲಿ ಉಂಟಲ್ವಾ?"

ಅಳಿಯನನ್ನು ಕರೆಸಿದೆ. ಅವನು ಫೈಲು ತೆರೆಯಲಿಲ್ಲ, ಫೋಲ್ಡರ್ ತೆರೆದ. ನಾವು ಅಲ್ಲಿಗೆ ಹೋದವರೇ ಅಲ್ಲ. ಪರದೆಯ ಮೇಲಿನ ಒಂದು ಗುರುತು ಒತ್ತಿದರೆ ಫೈಲು ತೆರೆದುಕೊಳ್ಳುತ್ತಿತ್ತು, ನಮಗಷ್ಟು ಸಾಕಿತ್ತು. ಅಲ್ಲಿ ನಮ್ಮ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಫೈಲು, ಕೊನೆಯಲ್ಲಿ ಕಾಪುವಿನ ಕಂಪ್ಯೂಟರಿನ ಹೆಸರು ಅಂಟಿಸಿಕೊಂಡು ಕೂತಿತ್ತು.

ನಡೆದದ್ದು ಇಷ್ಟು. ಹುಡುಗನ ಹೆಣ ದಡಕ್ಕೆ ಬಂದ ದಿನ ಕಾಪುವಿನವನು ಎಲ್ಲವನ್ನೂ ಬರೆದು, ಫೈಲು ಮುಚ್ಚಿ, ಮೊಬೈಲಿನಲ್ಲಿ 'ಮುಚ್ಚಿದೆ' ಎಂದು ತಿಳಿಸಿದ್ದ. ಗಾಳಿಗೆ ಅವನ ಮನೆಯ ಇಂಟರ್ನೆಟ್ ತಂತಿ ಕಡಿದಿತ್ತು. ಫೈಲು ಅವನ ಕಂಪ್ಯೂಟರಿನಲ್ಲೇ ಉಳಿಯಿತು. 'ಮುಚ್ಚಿದೆ' ನೋಡಿದ ಮೇಷ್ಟ್ರು ಅಜೆಕಾರಿನಲ್ಲಿ ಹಳೆಯದನ್ನೇ ತೆರೆದು, ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಸತ್ತ ಮುದುಕನೊಬ್ಬನ ವಿವರ ಬರೆದರು. ಅದು ಮೇಲೆ ಹೋಯಿತು. ತಂತಿ ಸರಿಯಾದ ಮೇಲೆ ಕಾಪುವಿನ ಫೈಲೂ ಹೊರಟಾಗ, ಮೇಲೆ ಅದರ ಜಾಗದಲ್ಲಿ ಮೇಷ್ಟ್ರದ್ದು ಇತ್ತು. ಕ್ಲೌಡು ಕಾಪುವಿನದ್ದನ್ನು ಬೇರೆ ಪ್ರತಿಯೆಂದು ಪಕ್ಕಕ್ಕಿಟ್ಟಿತು. ನಾನು ದಿನಾ ತೆರೆದು ನೋಡುತ್ತಿದ್ದದ್ದು ಮೇಷ್ಟ್ರದ್ದನ್ನು. ನಮ್ಮಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅವಳ ದೂರು ಒಂದು ಠಾಣೆಯಲ್ಲಿ, ಹೆಣ ಇನ್ನೊಂದರ ವ್ಯಾಪ್ತಿಯಲ್ಲಿ. ಎರಡನ್ನೂ ಸೇರಿಸಬೇಕಾದ ಜಾಗ ನನ್ನ ಮೇಜು. ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಅವಳಿಗೆ ಓದಲು ಬಾರದು, ನಾನು ಓದಲಿಲ್ಲ.

"ಡೇಟಾ ಎಲ್ಲಿಯೂ ಹೋಗಿಲ್ಲ ಆಂಟಿ, ಸೇಫ್ ಉಂಟು" ಎಂದ ಅಳಿಯ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಈಗಲೂ ಅನಿಸುತ್ತದೆ.

ಫೋನು ಮಾಡಿ ಹೇಳುವ ಧೈರ್ಯ ನನಗಾಗಲಿಲ್ಲ. ಹೇಗೂ ಅವಳು ಬರುವವಳೇ. ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೆ ಬಾಗಿಲಲ್ಲಿ ನಿಂತು "ಇಲ್ಲಲ್ರಿ?" ಎಂದಳು. ಒಳಗೆ ಬಾ, ಕೂತುಕೋ ಎಂದೆ. ಬಂದಳು, ಕೂರಲಿಲ್ಲ. ಪರದೆಯನ್ನು ಅವಳ ಕಡೆಗೆ ತಿರುಗಿಸಿದೆ. ಮುಖದ ಫೋಟೊ ತೋರಿಸುವಂತಿರಲಿಲ್ಲ. ಕೈಯದ್ದು ಮಾತ್ರ ತೋರಿಸಿದೆ. ಅವಳು ತನ್ನ ಕೈಯನ್ನು ಅದರ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ನಾನು ನೀರಿನ ಲೋಟ ತುಂಬಿಸಿಟ್ಟಿದ್ದೆ. ಅಳಲಿಲ್ಲ.

"ಎಲ್ಲಿ ಅದಾನ್ರಿ?"

ಆಗಿದ್ದನ್ನೆಲ್ಲ ಹೇಳಿದೆ. ಫೈಲು, ತಂತಿ, ಎರಡು ಪ್ರತಿ. ಅವಳಿಗೆ ಅದೊಂದೂ ಬೇಕಾಗಿರಲಿಲ್ಲ.

"ಮಣ್ಣು ಯಾವಾಗ ಆತ್ರಿ?"

"ನಿನ್ನೆ."

"ಎಷ್ಟೊತ್ತಿಗಿ?"

"ಬೆಳಿಗ್ಗೆ. ಇದೇ ಹೊತ್ತಿಗೆ."

ಅವಳು ತಿರುಗಿ ಬಾಗಿಲನ್ನು ನೋಡಿದಳು, ದಿನವೂ ತಾನು ನಿಲ್ಲುತ್ತಿದ್ದ ಜಾಗವನ್ನು.

"ನಾ ಇಲ್ಲೇ ಇದ್ನಲ್ರಿ ಅಕ್ಕಾರ" ಎಂದಳು.