ತವರಿನ ಎಮ್ಮೆ ಒದ್ದದ್ದು

ಬೆಳಿಗ್ಗೆ ಎಂದಿನಂತೆ ಒಲೆಗೆ ಕುಳ್ಳು ಇಟ್ಟು, ಸ್ನಾನದ ನೀರು ಕಾಯಲು ಬಿಟ್ಟು, ಹಾಲು ಹಿಂಡಲು ಕುಳಿತೆ. ಎಮ್ಮೆಗೆ ಏನನ್ನಿಸಿತೋ, ತೊಡೆಗೆ ಒಂದು ಕೊಟ್ಟಿತು. ಒಳಗೆ ಬಂದು ಹರಳೆಣ್ಣೆ ಬಿಸಿಗಿಟ್ಟೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಬಟ್ಟಲು ಇಳಿಸಿಬಿಟ್ಟೆ. ಅತ್ತೆಯವರ ನೆನಪಾಯಿತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಗೋಕಾಕದ ಈ ಮನೆಗೆ ಬಂದವಳು. ಚಮಚ ತಾಟಿನ ಯಾವ ಬದಿಗಿರಬೇಕೆಂದು ಗೊತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾನು ಹರಿದ ರೊಟ್ಟಿಗಳನ್ನೆಲ್ಲ ಅತ್ತೆ ಸದ್ದಿಲ್ಲದೆ ತಮ್ಮ ತಾಟಿಗೇ ಹಾಕಿಕೊಳ್ಳುತ್ತಿದ್ದರು.

ಮರುವರ್ಷ ಅವರ ತೊಡೆಯಲ್ಲಿ ಕಲ್ಲಿನಂಥ ಗಂಟು ಎದ್ದಿತು. ಹರಳೆಣ್ಣೆ ಹಚ್ಚಿ ತಿಕ್ಕಿದೆವು, ತಿಕ್ಕಿದಷ್ಟೂ ಬೆಳೆಯಿತು. ಬೆಳಗಾವಿಯ ಡಾಕ್ಟರರು ಒತ್ತಿ ನೋಡಿ ಮಾವನವರಿಗೆ, “ಕೆಟ್ಟ ಗಡ್ಡಿ ಇದ್ದಂಗ ಕಾಣತೈತ್ರಿ. ಕಾಲು ತಗೀಬೇಕಾದೀತು,” ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಪೆಟ್ಟೇನರ ಬಿದ್ದಿತ್ತೇನ್ರಿ, ತಾಯಿ?”

“ಇಲ್ರಿ.”

“ನೆನಪ ಮಾಡ್ಕೊಳ್ರಿ.”

“ಇಲ್ಲ ಅಂದ್ನೆಲ್ರಿ!”

ಸೀರೆ ಸರಿಪಡಿಸಲು ನಾನು ಬಗ್ಗಿದಾಗ ಕಿವಿಯಲ್ಲಿ ಉಸುರಿದರು: “ಎಮ್ಮಿ ಒದ್ದಿತ್ತವಾ. ನಿಮ್ಮ ಮಾವನ ಮುಂದ ಅನಬ್ಯಾಡ, ಸಂತಿಗಿ ಹೊಡದು ಮಾರತಾರ.”

ಅತ್ತೆಯ ತಾಯಿ ತೀರಿದ ವರ್ಷ ತವರೂರು ಮಸಗುಪ್ಪಿಯಿಂದ ಅವರ ಅಣ್ಣ ತಂದು ಕಟ್ಟಿದ ಎಮ್ಮೆ ಅದು. ಅದನ್ನು ದೂರಿದರೆ ತವರನ್ನೇ ದೂರಿದಂತೆ. ಕಾಲು ಹೋದರೆ ಹೋಗಲಿ, ಎಮ್ಮೆ ಉಳಿಯಬೇಕು!

ಏನು ಮಾಡಲಿ, ಹೇಳಿ? ಮಾವನವರು ಎದುರಿಗೇ ಕುಳಿತಿದ್ದರು. ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಆ ವ್ಯಾಕರಣಕ್ಕೆ ಕೈಮೇಲೆ ಬಾರಿಸುತ್ತಿದ್ದರು. ಮಾವನವರು ಮಾತ್ರ ಸೊಸೆಯ ವಿದ್ಯೆಗೆ ತಲೆದೂಗಿದರು.

ಡಾಕ್ಟರರು ಎಕ್ಸ್‌ರೇ ತೆಗೆಸಿದರು. ಗಂಟಿನ ಅಂಚಿಗೆ ಬಿಳಿಯ ಬಳೆ, ನಡುವೆ ಖಾಲಿ. ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದರು: “ಕೆಟ್ಟ ಗಡ್ಡಿ ಅಲ್ಲ ಇದು, ಪೆಟ್ಟು ತಿಂದ ಮಾಂಸದಾಗ ಎಲುಬು ಕಟ್ಟಾಕತ್ತೇತಿ. ತಿಕ್ಕಬ್ಯಾಡ್ರಿ, ಕಾಸಬ್ಯಾಡ್ರಿ. ಕೊಯ್ಯೂದು ಈಗ ಬ್ಯಾಡ. ಸ್ವಲ್ಪ ದಿನ ಬಿಟ್ಟು ಮತ್ತ ಫೋಟೋ ತಗದು ನೋಡೂನು.”

ಗಂಟು ಬೆಳೆಯುವುದು ನಿಂತಿತು, ಮೆಲ್ಲಗೆ ಅಡಕೆಯಷ್ಟಾಯಿತು. ಅತ್ತೆ ಅದೇ ಕಾಲು ಮಡಚಿ ಕುಳಿತು ಅದೇ ಎಮ್ಮೆಯನ್ನು ಹಿಂಡಿದರು. ಮಾವನವರಿಗೆ ಸುಳಿವೇ ಹತ್ತಲಿಲ್ಲವೆಂದು ನಾವಿಬ್ಬರೂ ಎಷ್ಟು ನಕ್ಕಿದ್ದೇವೆ! ಈಗ ಅತ್ತೆ, ಮಾವ ಇಬ್ಬರೂ ಇಲ್ಲ.

ಇಂದು ಒದ್ದದ್ದು ಆ ಎಮ್ಮೆಯ ಮೊಮ್ಮಗಳು. ತಣ್ಣೀರಿನ ಬಟ್ಟೆ ಕಟ್ಟಿಕೊಂಡೆ, ತಿಕ್ಕಲಿಲ್ಲ. ಸಂಜೆ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ಮುದುಕಿ ಗಂಗವ್ವ ಬಂದಳು.

“ಯಾಕ ಯವ್ವಾ, ಕುಂಟಾಕತ್ತಿ?”

ಕಂಬ ಬಡಿಯಿತೆನ್ನಲು ಹೊರಟಿದ್ದ ನಾಲಿಗೆಯನ್ನು ತಡೆದು, “ಎಮ್ಮಿ ಒದೀತು,” ಎಂದೆ.

“ಇದರ ಅಜ್ಜಿ ನಿಮ್ಮ ಮಾವಗೂ ಒದ್ದಿತ್ತು,” ಎಂದಳು ಗಂಗವ್ವ, ಗಿಂಡಿ ಮುಂದೆ ಹಿಡಿದು. “‘ನಮ್ಮಾಕಿ ಮುಂದ ಅನಬ್ಯಾಡ, ತವರ ಎಮ್ಮಿ, ಮನಸ್ಸಿಗೆ ಹಚ್ಚಿಕೊಂತಾಳ’ ಅಂದಿದ್ದ. ಹಾಕವಾ, ಮಜ್ಜಗಿ ಹಾಕು.”